ಶ್ರೀರಾಂಪುರದ ಡೆಕ್ಕು ಕಡತ

"ಬರೋ ಬುದ್ಧ ಪೂರ್ಣಿಮೆ ಹೊತ್ತಿಗೆ ನಮ್ಮ ಟೆರೇಸ್ ಮೇಲೆ ಡೆಕ್ಕು ಇರುತ್ತೆ. ಇಲ್ಲಾಂದ್ರೆ ನನ್ನ ಹೆಸರು ಮುತ್ತುರಾಜೇ ಅಲ್ಲ!"

ನವೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಆರನೆಯ ಇಡ್ಲಿ ಮುಗಿಸಿ ಕೈ ತೊಳೆಯುತ್ತಾ ಮುತ್ತುರಾಜರು ಈ ಘೋಷಣೆ ಮಾಡಿದರು. ಅಡುಗೆಮನೆಯಿಂದ ಹೆಂಡತಿ ಯಮುನಾ, "ಆಯ್ತು ರೀ, ಹೊಸ ಹೆಸರು ಏನಿಡೋಣ ಅಂತ ಈಗಿನಿಂದ್ಲೇ ಯೋಚ್ನೆ ಮಾಡ್ತಿರ್ತೀನಿ" ಎಂದರು.

ಮುತ್ತುರಾಜರಿಗೆ ಐವತ್ನಾಲ್ಕು ವಯಸ್ಸು. ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟು. ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಓದದೆ ಒಂದು ಕಾಗದಕ್ಕೂ ಸಹಿ ಹಾಕಿದವರಲ್ಲ. ಓದಿದ ಮೇಲೂ ಅಷ್ಟು ಸುಲಭಕ್ಕೆ ಹಾಕಿದವರಲ್ಲ. ಶ್ರೀರಾಂಪುರದ ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಅವರ ತಂದೆ ಕಟ್ಟಿದ ಒಂದು ಅಂತಸ್ತಿನ ಮೇಲೆ ಇವರು ಇನ್ನೊಂದು ಏರಿಸಿದ್ದರು. ಅದರ ಮೇಲೆ ಟೆರೇಸು.

ಆ ಟೆರೇಸು ಅವರ ತಾಯಿ ಹನುಮಕ್ಕನವರ ರಾಜ್ಯ. ಎಂಬತ್ತು ತುಂಬಿದ ಹನುಮಕ್ಕ ಅಲ್ಲಿ ಹಳೇ ಪೇಂಟ್ ಡಬ್ಬಗಳಲ್ಲಿ ದೊಡ್ಡಪತ್ರೆ, ಮೆಣಸಿನ ಗಿಡ, ಒಂದು ಕರಿಬೇವು ಬೆಳೆಸಿಕೊಂಡಿದ್ದರು. ಕುರ್ಚಿ ಹಾಕಿಕೊಂಡು ಕೂತರೆ ಮನೆಗಳ ತಲೆಯ ಮೇಲೆ ಮೆಟ್ರೋ ಹೋಗುವುದು ಕಾಣುತ್ತಿತ್ತು. ಪಕ್ಕದ ಮನೆಯ ನರಸಮ್ಮ ಬೆಳಗಿನ ಸೊಪ್ಪಿನ ವ್ಯಾಪಾರ ಮುಗಿಸಿ ಬಂದು, ತಮ್ಮ ಟೆರೇಸಿನ ಗೋಡೆಗೆ ಮೊಣಕೈ ಊರಿ, ಇಡೀ ಶ್ರೀರಾಂಪುರದ ವರದಿ ಒಪ್ಪಿಸುತ್ತಿದ್ದರು.

ಅಕ್ಟೋಬರ್ ಮಳೆಗೆ ಟೆರೇಸಿನ ಸಿಮೆಂಟು ಪಾಚಿ ಕಟ್ಟಿತು. ಹನುಮಕ್ಕ ಜಾರಿ ಬಿದ್ದರು. ಎಡಗೈ ಮಣಿಕಟ್ಟು ಮುರಿಯಿತು. ಮಲ್ಲೇಶ್ವರಂನ ಡಾಕ್ಟರ್ ಹರ್ಷಿತಾ ಪ್ಲಾಸ್ಟರ್ ಹಾಕುತ್ತಾ, "ಈ ಸಲ ಕೈಗೆ ಹೋಯ್ತು. ಇನ್ನೊಂದ್ಸಲ ಬಿದ್ರೆ ಸೊಂಟ. ಆಮೇಲೆ ಹಾಸಿಗೇನೇ" ಎಂದುಬಿಟ್ಟರು. ಅಂದಿನಿಂದ ಹನುಮಕ್ಕ ಟೆರೇಸ್ ಹತ್ತಕೂಡದು ಎಂಬ ಆಜ್ಞೆ ಜಾರಿಯಾಯಿತು. ಅವರು ಹಾಲಿನಲ್ಲಿ ಟಿ.ವಿ. ಮುಂದೆ ಕೂತು, ಟಿ.ವಿ.ಯ ಪಕ್ಕದ ಗೋಡೆ ನೋಡತೊಡಗಿದರು.

ಇದನ್ನು ನೋಡಲಾರದೆ ಮುತ್ತುರಾಜರು ಡೆಕ್ಕಿನ ಪ್ರತಿಜ್ಞೆ ಮಾಡಿದ್ದು. ಸಹೋದ್ಯೋಗಿಯೊಬ್ಬರ ಗೃಹಪ್ರವೇಶದಲ್ಲಿ ಅವರು ಡೆಕ್ಕು ಕಂಡಿದ್ದರು. ಬಾಲ್ಕನಿಯ ನೆಲದ ಮೇಲೆ ಹಲಗೆಗಳನ್ನು ಸಾಲಾಗಿ ಹಾಸಿ, ನಡುನಡುವೆ ಸಂದು ಬಿಟ್ಟಿದ್ದರು. ನೀರು ಸಂದಿನಲ್ಲಿ ಇಳಿದು ಹೋಗುತ್ತದೆ, ಕಾಲು ಜಾರುವುದಿಲ್ಲ. ಅವ್ವನಿಗೆ ಇದೇ ಸರಿ!

ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ಸೋಮವಾರ ಮುತ್ತುರಾಜರು ಒಂದು ಕಡತ ತೆರೆದರು.

ಕಡತವೆಂದರೆ ಕಡತವೇ. ಕಂದು ರಟ್ಟು, ಬಿಳಿ ದಾರ, ಮೇಲೆ ದಪ್ಪ ಅಕ್ಷರದಲ್ಲಿ "ವಿಷಯ: ಟೆರೇಸಿಗೆ ಡೆಕ್ಕು ಅಳವಡಿಸುವ ಬಗ್ಗೆ." ಮೊದಲ ಹಾಳೆಯಲ್ಲಿ ಪೀಠಿಕೆ, ಎರಡನೆಯದರಲ್ಲಿ ಟೆರೇಸಿನ ಅಳತೆ. ಮೂರನೆಯ ಹಾಳೆಯಿಂದ ಜಗಳ.

ಏಕೆಂದರೆ ಬಡಗಿ ಮರಿಯಣ್ಣ ಬಂದು ಒಂದು ಪ್ರಶ್ನೆ ಹಾಕಿದ್ದ. ಚಾಮರಾಜಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದ ಮರಿಯಣ್ಣನಿಗೆ ಅರವತ್ತು ದಾಟಿತ್ತು. ಮಾತು ಕಡಿಮೆ. ಟೆರೇಸಿಗೆ ಒಂದು ಸುತ್ತು ಹಾಕಿ, ಕಿವಿಯ ಪೆನ್ಸಿಲು ತೆಗೆದು, ಮತ್ತೆ ಕಿವಿಗೇ ಇಟ್ಟುಕೊಂಡ.

"ಎರಡು ದಾರಿ ಅದೆ ಸಾರ್. ಒಂದು ಟ್ರೀಟ್ ಮಾಡಿರೋ ಮರ. ಪೈನ್ ಮರಕ್ಕೆ ಒತ್ತಡ ಕೊಟ್ಟು ಔಷಧಿ ಕುಡಿಸಿರ್ತಾರೆ. ಗೆದ್ದಲು ಹಿಡಿಯಲ್ಲ, ಬೇಗ ಕೊಳೆಯಲ್ಲ. ಇನ್ನೊಂದು ಕಾಂಪೋಸಿಟ್ಟು. ಮರದ ಪುಡಿಗೆ ಪ್ಲಾಸ್ಟಿಕ್ ಕಲಸಿ ಹಲಗೆ ಮಾಡಿರ್ತಾರೆ. ಯಾವ್ದು ಹಾಕ್ಲಿ?"

"ಮರ!" ಎಂದರು ಮುತ್ತುರಾಜರು.

"ಕಾಂಪೋಸಿಟ್ಟು!" ಎಂದರು ಯಮುನಾ.

ಎರಡೂ ಒಂದೇ ಗಳಿಗೆಯಲ್ಲಿ ಬಂದವು. ಮರಿಯಣ್ಣ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು, "ತೀರ್ಮಾನ ಮಾಡ್ಕೊಂಡು ಫೋನ್ ಮಾಡಿ" ಎಂದು ಹೊರಟುಹೋದ. ಆ ಫೋನು ಹೋಗಿದ್ದು ನಾಲ್ಕು ತಿಂಗಳ ಮೇಲೆ.

ಮುತ್ತುರಾಜರ ವಾದಕ್ಕೆ ವಂಶದ ಬಲವಿತ್ತು. ಅವರ ಅಜ್ಜ ಚಾಮರಾಜಪೇಟೆಯ ಮರದ ಡಿಪೋದಲ್ಲಿ ಮೂವತ್ತು ವರ್ಷ ಗರಗಸ ಎಳೆದವರು. "ಮರ ನನ್ನ ರಕ್ತದಲ್ಲಿದೆ ಕಣೆ. ಮೂಸಿ ನೋಡಿ ಹೇಳ್ತೀನಿ ಇದು ಯಾವ ಮರ ಅಂತ. ನಿನ್ನ ಕಾಂಪೋಸಿಟ್ಟನ್ನ ಮೂಸಿದ್ರೆ ಏನ್ ಬರುತ್ತೆ? ಬಕೆಟ್ ವಾಸನೆ!"

ಯಮುನಾ ಮಲ್ಲೇಶ್ವರಂನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಅವರ ವಾದಕ್ಕೆ ಅನುಭವದ ಬಲ. "ಮರಕ್ಕೆ ವರ್ಷಕ್ಕೊಂದ್ಸಲ ಎಣ್ಣೆ ಹಚ್ಚಬೇಕಂತೆ. ಯಾರು ಹಚ್ತಾರೆ? ಅಕ್ವೇರಿಯಂ ತಂದಿದ್ದು ನೀವು, ಅದರ ನೀರು ಬದಲಾಯಿಸಿದ್ದು ಯಾರು? ಸೈಕಲ್ ತಂದಿದ್ದು ನೀವು, ಅದರ ಮೇಲೆ ಬಟ್ಟೆ ಒಣಗಿಸ್ತಿರೋದು ಯಾರು? ನಿಮಗೆ ಮರ ಇರೋದು ರಕ್ತದಲ್ಲಿ. ಅದರ ಎಣ್ಣೆ ಬರೋದು ನನ್ನ ಕೈಗೆ!"

ಮುತ್ತುರಾಜರು ಇದನ್ನು "ಗೃಹಿಣಿಯವರ ಆಕ್ಷೇಪಣೆ" ಎಂದು ಕಡತದಲ್ಲಿ ದಾಖಲಿಸಿ, ಆಕ್ಷೇಪಣೆಗೆ ಸಮಜಾಯಿಷಿಯನ್ನೂ ಬರೆದರು. ಮಾರನೆಯ ದಿನ ಕಡತ ತೆರೆದಾಗ ಸಮಜಾಯಿಷಿಯ ಕೆಳಗೆ ಕೆಂಪು ಶಾಯಿಯಲ್ಲಿ "ಆಧಾರ ಸಾಲದು. 3/10" ಎಂದಿತ್ತು.

ಡಿಸೆಂಬರಿನಲ್ಲಿ ದಂಪತಿಗಳು ಒಂದು ಶೋರೂಮಿಗೆ ಹೋದರು. ಅಲ್ಲಿ ವಸಂತ್ ಎಂಬ ನಗುಮುಖದ ಸೇಲ್ಸ್‌ಮನ್ ಇದ್ದ. ಮುತ್ತುರಾಜರು ಇಪ್ಪತ್ತೇಳು ಪ್ರಶ್ನೆ ಬರೆದುಕೊಂಡು ಹೋಗಿದ್ದರು. ಹನ್ನೆರಡನೆಯದಕ್ಕೆ ವಸಂತನ ನಗು ಮಾಸಿತು. ಹತ್ತೊಂಬತ್ತನೆಯದಕ್ಕೆ ಅವನು, "ಸಾರ್, ನೀವು ನಿಜವಾಗ್ಲೂ ಮನೆಗೆ ಹಾಕ್ಸೋಕೆ ಬಂದಿದೀರಾ, ಇಲ್ಲಾ ಬೇರೆ ಕಂಪನಿಯವರಾ?" ಎಂದು ಕೇಳಿದ. ಕೊನೆಗೆ ಎರಡು ಹಲಗೆ ತುಂಡು ಕೈಗಿಟ್ಟು, "ಮನೇಲೇ ಟೆಸ್ಟ್ ಮಾಡಿ ಸಾರ್" ಎಂದು ಬಾಗಿಲತನಕ ಬಂದು ಕಳಿಸಿದ. ಒಂದು ಟ್ರೀಟ್ ಮಾಡಿದ ಪೈನ್, ಒಂದು ಕಡುಕಂದು ಬಣ್ಣದ ಕಾಂಪೋಸಿಟ್. ಎರಡೂ ಎರಡೆರಡು ಅಡಿ ಉದ್ದ.

ಅವನು ಹೇಳಬಾರದ ಮಾತು ಹೇಳಿದ್ದ.

ಮುತ್ತುರಾಜರು ಮರದ ತುಂಡನ್ನು ಬಚ್ಚಲಮನೆಯ ಬಕೆಟ್ಟಿನಲ್ಲಿ ಮುಳುಗಿಸಿ, ಹತ್ತು ದಿನ ಯಾರೂ ಮುಟ್ಟಕೂಡದು ಎಂದು ಚೀಟಿ ಅಂಟಿಸಿದರು. ಐದನೆಯ ದಿನ ಚೀಟಿ ನೀರಿಗೆ ಬಿತ್ತು. ಆರನೆಯ ದಿನ ಮುತ್ತುರಾಜರೇ ಕತ್ತಲಲ್ಲಿ, ಕರೆಂಟಿಲ್ಲದ ಹೊತ್ತಿನಲ್ಲಿ, ತಮ್ಮ ಬಿಳಿ ಅಂಗಿಯನ್ನು ಅದೇ ಬಕೆಟ್ಟಿನಲ್ಲಿ ಅದ್ದಿದರು. ಮರ ಕುಡಿದಿದ್ದ ಔಷಧಿಯಲ್ಲಿ ಕಾಲುಭಾಗವನ್ನು ಅಂಗಿ ಕುಡಿಯಿತು. ಒಣಗಿದ ಮೇಲೆ ತಿಳಿಹಸಿರು! ಇಸ್ತ್ರಿ ಮಾಡುವವನ ಕಣ್ಣಿಗೂ ಬೀಳದೆ ಅದು ಕಚೇರಿಗೆ ಹೋಯಿತು. ಮೇಲಧಿಕಾರಿ ಮೀಟಿಂಗಿನ ನಡುವೆ ನಿಂತು, "ಏನ್ ಮುತ್ತುರಾಜ್, ಇವತ್ತು ಪರಿಸರ ದಿನಾಚರಣೇನಾ? ಸುತ್ತೋಲೆ ನನಗೆ ಬಂದೇ ಇಲ್ವಲ್ಲ?" ಎಂದರು.

ಯಮುನಾ ತಮ್ಮ ಕಾಂಪೋಸಿಟ್ಟಿನ ಮೇಲೆ ಸಾರು, ಅರಿಸಿನ, ಕೊಬ್ಬರಿ ಎಣ್ಣೆ ಎಲ್ಲ ಸುರಿದರು. ಸಾರು ಹೋಯಿತು. ಅರಿಸಿನ ಹೋಯಿತು. ಎಣ್ಣೆ ಹೋಗಲಿಲ್ಲ.

"ಕಲೆ!" ಎಂದರು ಮುತ್ತುರಾಜರು, ಗೆದ್ದ ದನಿಯಲ್ಲಿ.

"ಡಿಸೈನು" ಎಂದರು ಯಮುನಾ, ಕಣ್ಣೂ ಮಿಟುಕಿಸದೆ.

ಜನವರಿ ಕಳೆಯಿತು, ಫೆಬ್ರವರಿ ಕಳೆಯಿತು. ಕಡತ ನಲವತ್ತು ಹಾಳೆ ದಾಟಿತು. ಮರ ಬಿಸಿಲಿಗೆ ಸೀಳು ಬಿಡುತ್ತದೆ ಎಂದು ಒಬ್ಬರು, ಕಾಂಪೋಸಿಟ್ ಬಿಸಿಲಿಗೆ ಹಿಗ್ಗುತ್ತದೆ ಎಂದು ಇನ್ನೊಬ್ಬರು. ಮರವನ್ನಾದರೆ ಹತ್ತರಿಯಲ್ಲಿ ಹೆರೆದು ಸರಿಮಾಡಬಹುದು, ಪ್ಲಾಸ್ಟಿಕ್ಕಿಗೆ ಏನು ಮಾಡುತ್ತೀ? ಪ್ಲಾಸ್ಟಿಕ್ಕಿಗೆ ಏನೂ ಮಾಡಬೇಕಾಗಿಲ್ಲ, ಅದಕ್ಕೇ ರೀ ಅದು ಬೇಕು ಅನ್ನೋದು! ಬೆಳಿಗ್ಗೆ ಕಾಫಿಗೆ ಶುರುವಾದದ್ದು ಸಂಜೆ ಕಾಫಿಗೆ ಮುಂದುವರಿಯುತ್ತಿತ್ತು. "ಡೆಕ್ಕಿಲ್ಲ, ದೆಸೆಯಿಲ್ಲ, ಬರೀ ಮಾತು" ಎಂದು ಹನುಮಕ್ಕ ಒಮ್ಮೆ ಗೊಣಗಿದರು. ಮೊದಮೊದಲು "ಯಾವಾಗ ಮುಗಿಯುತ್ತೋ ಮುತ್ತು?" ಎಂದು ವಾರಕ್ಕೊಮ್ಮೆ ಕೇಳುತ್ತಿದ್ದವರು ಡಿಸೆಂಬರ್ ಹೊತ್ತಿಗೇ ಕೇಳುವುದನ್ನು ಬಿಟ್ಟಿದ್ದರು. ಅವ್ವನಿಗೆ ಎಷ್ಟು ತಾಳ್ಮೆ ಎಂದು ಮುತ್ತುರಾಜರ ಕಣ್ಣು ತುಂಬಿ ಬಂತು.

ಮಾರ್ಚಿನ ಎರಡನೇ ಶನಿವಾರ ಅಂತಿಮ ಯುದ್ಧ ನಡೆಯಿತು.

ಊಟ ಮುಗಿದಿತ್ತು. ಮಧ್ಯಾಹ್ನ ಒಂದೂವರೆ. ಸೂರ್ಯ ಶ್ರೀರಾಂಪುರದ ನೆತ್ತಿಯ ಮೇಲೆ ಕಾಲು ಚಾಚಿ ಕೂತಿದ್ದ. ಹನುಮಕ್ಕ ಕೆಳಗೆ ತೂಕಡಿಸುತ್ತಿದ್ದರು. ಟೆರೇಸಿನಲ್ಲಿ ಮಾತಿನ ನಡುವೆ ಮುತ್ತುರಾಜರು, "ನಿನ್ನ ಕಾಂಪೋಸಿಟ್ ಬಿಸಿಲಿಗೆ ದೋಸೆ ಹೆಂಚಾಗುತ್ತೆ. ಅವ್ವನ ಕಾಲು ಸುಟ್ಟರೆ ಯಾರು ಗತಿ?" ಎಂದರು.

"ಸುಡಲ್ಲ."

"ಬರಿಗಾಲಲ್ಲಿ ನಿಂತು ತೋರ್ಸು!"

"ನಿಲ್ತೀನಿ. ನಿಮ್ಮ ಮರ ಸಿಬಿರು ಏಳುತ್ತೆ, ಅತ್ತೆ ಕಾಲಿಗೆ ಚುಚ್ಚುತ್ತೆ. ಅದರ ಮೇಲೆ ನೀವು ಬರಿಗಾಲು ಉಜ್ಜಿ ತೋರ್ಸಿ!"

"ಉಜ್ಜೋದೇನು, ಡ್ಯಾನ್ಸೇ ಮಾಡ್ತೀನಿ!"

ಹತ್ತು ನಿಮಿಷ ಎಂದು ನಿಗದಿಯಾಯಿತು. ಬೆಳಗಿನಿಂದ ಬಿಸಿಲಲ್ಲಿ ಬಿದ್ದಿದ್ದ ಎರಡು ತುಂಡುಗಳ ಮೇಲೆ ಐವತ್ತು ದಾಟಿದ ಇಬ್ಬರು ಜವಾಬ್ದಾರಿಯುತ ನಾಗರಿಕರು ಹತ್ತಿ ನಿಂತರು. ಫೋನಿನಲ್ಲಿ ಟೈಮರ್ ಓಡತೊಡಗಿತು.

ಮೊದಲ ನಿಮಿಷದಲ್ಲೇ ಯಮುನಾರ ಹುಬ್ಬು ಸ್ವಲ್ಪ ಮೇಲೆ ಹೋಯಿತು. ಎರಡನೆಯದರಲ್ಲಿ ಪೂರ್ತಿ ಮೇಲೆ ಹೋಗಿ ಅಲ್ಲೇ ನಿಂತಿತು.

"ಹೇಗಿದೆ?" ಎಂದರು ಮುತ್ತುರಾಜರು.

"ತಣ್ಣಗಿದೆ. ನದೀಲಿ ಕಾಲಿಟ್ಟ ಹಾಗಿದೆ. ನಿಮ್ಮದು?"

"ರೇಷ್ಮೆ!" ಎಂದು ಮುತ್ತುರಾಜರು ಬಲಗಾಲನ್ನು ಹಲಗೆಯ ಉದ್ದಕ್ಕೂ ಜೋರಾಗಿ ಎಳೆದರು. ಬಕೆಟ್ಟಿನಲ್ಲಿ ನೆನೆದು, ಬಿಸಿಲಲ್ಲಿ ಒಣಗಿ, ಎರಡು ತಿಂಗಳು ಸೀಳಲೋ ಬೇಡವೋ ಎಂದು ಯೋಚಿಸುತ್ತಿದ್ದ ಆ ಮರ ಅದೇ ಕ್ಷಣದಲ್ಲಿ ತೀರ್ಮಾನ ಮಾಡಿತು. ಒಂದೂವರೆ ಇಂಚಿನ ಸಿಬಿರು ಅಂಗಾಲಿನೊಳಗೆ ನೇರ ಹೊಕ್ಕಿತು.

"ರೇ...ಷ್ಮೆ!" ಎಂದರು ಮುತ್ತುರಾಜರು ಮತ್ತೊಮ್ಮೆ. ಈ ಸಲ ದನಿ ಎರಡು ಸ್ವರ ಮೇಲಕ್ಕೆ ಹೋಗಿತ್ತು.

ಹತ್ತು ನಿಮಿಷ ಮುಗಿಯಿತು. ಇಬ್ಬರೂ ನಗುತ್ತಾ ಇಳಿದರು. ಇಬ್ಬರೂ "ನೀವು ಮುಂದೆ ಹೋಗಿ", "ಪರವಾಗಿಲ್ಲ, ನೀನು ಮುಂದೆ ಹೋಗು" ಎಂದು ಮೆಟ್ಟಿಲ ಬಳಿ ಬಹಳ ಹೊತ್ತು ಮರ್ಯಾದೆ ಮಾಡಿಕೊಂಡರು. ಯಾರು ಮುಂದೆ ಹೋದರೂ ಹಿಂದಿನವರಿಗೆ ನಡಿಗೆ ಕಾಣುತ್ತಿತ್ತು!

ಸಂಜೆ ಹನುಮಕ್ಕ ಕೇಳಿದರು. "ಯಾಕೋ ಮುತ್ತು, ಕುಂಟ್ತಿದೀಯ?"

"ಕುಂಟೋದಲ್ಲವ್ವ, ಕಾಲಿಗೆ ಜೋಮು."

"ನೀನ್ಯಾಕಮ್ಮ ಹಿಮ್ಮಡಿ ಮೇಲೆ ನಡೀತಿದೀಯ?"

"ಬೆನ್ನಿಗೆ ಒಳ್ಳೇದಂತೆ ಅತ್ತೆ. ಹೊಸ ವ್ಯಾಯಾಮ."

ಹನುಮಕ್ಕ ಇಬ್ಬರನ್ನೂ ಒಂದು ಸಲ ನೋಡಿ, ಟಿ.ವಿ.ಯ ದನಿ ಸ್ವಲ್ಪ ಜಾಸ್ತಿ ಮಾಡಿದರು.

ಭಾನುವಾರ ಇಡೀ ದಿನ ಮುತ್ತುರಾಜರು ಪೇಪರು ಓದುವ ನೆಪದಲ್ಲಿ ಕುರ್ಚಿ ಬಿಡಲಿಲ್ಲ. ಯಮುನಾ ಉತ್ತರಪತ್ರಿಕೆ ತಿದ್ದುವ ನೆಪದಲ್ಲಿ ಮಂಚ ಬಿಡಲಿಲ್ಲ. ಅಡುಗೆ ಹನುಮಕ್ಕ ಮಾಡಿದರು.

ಸೋಮವಾರ ಬೆಳಿಗ್ಗೆ ಎಂದಿನಂತೆ ಒಬ್ಬರು ಕಚೇರಿಗೆ, ಒಬ್ಬರು ಶಾಲೆಗೆ ಎಂದು ಹೊರಟರು. ಮುತ್ತುರಾಜರು ಸಂಪಿಗೆ ರಸ್ತೆಯ ಬಳಿ ಆಟೋ ಇಳಿದು, ಅತ್ತಿತ್ತ ನೋಡಿ, ಡಾಕ್ಟರ್ ಹರ್ಷಿತಾರ ಕ್ಲಿನಿಕ್ಕಿನೊಳಗೆ ನುಗ್ಗಿದರು. ಟೋಕನ್ ಎಂಟು. ಖಾಲಿ ಇದ್ದ ಒಂದೇ ಕುರ್ಚಿಯಲ್ಲಿ ಕೂತು ಪಕ್ಕಕ್ಕೆ ತಿರುಗಿದರೆ, ಟೋಕನ್ ಏಳು ಯಮುನಾ!

ಇಬ್ಬರೂ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡರು.

"ನೀವಿಲ್ಲಿ?"

"ಬಿ.ಪಿ. ನೋಡ್ಸೋಣ ಅಂತ. ನೀನು?"

"ನಾನೂ ಬಿ.ಪಿ.ಗೇ."

"ಬಿ.ಪಿ.ಗೆ ಕಾಲಿಗೆ ಬಟ್ಟೆ ಸುತ್ಕೊಂಡಿದೀಯಾ?"

"ನೀವು ಬಿ.ಪಿ.ಗೆ ಒಂದು ಕಾಲಿಗೆ ಶೂ, ಒಂದು ಕಾಲಿಗೆ ಹವಾಯಿ ಹಾಕ್ಕೊಂಡಿದೀರಾ?"

ಗಂಡ ಹೆಂಡತಿ ಎಂದು ಗೊತ್ತಿದ್ದ ಕ್ಲಿನಿಕ್ಕಿನ ನರ್ಸು ಇಬ್ಬರನ್ನೂ ಒಟ್ಟಿಗೇ ಒಳಗೆ ಕಳಿಸಿದರು. ಡಾಕ್ಟರ್ ಹರ್ಷಿತಾ ಯಮುನಾರ ಪಾದ ನೋಡಿದರು: ಎರಡರಲ್ಲೂ ಬೊಬ್ಬೆ. ಮುತ್ತುರಾಜರ ಪಾದ ನೋಡಿದರು: ಕೆಂಪಗೆ ಊದಿ, ನಡುವೆ ಕಪ್ಪು ಗೆರೆ. ಕನ್ನಡಕ ತೆಗೆದು ಇಬ್ಬರ ಮುಖ ನೋಡಿದರು.

"ಇವರು ಕೆಂಡದ ಮೇಲೆ ನಡೆದ ಹಾಗಿದೆ, ನೀವು ಮುಳ್ಳಿನ ಮೇಲೆ ನಡೆದ ಹಾಗಿದೆ. ಯಾವೂರಲ್ಲಿ ಹೊತ್ತ ಹರಕೆ ಇದು?"

"ಡೆಕ್ಕು ಡಾಕ್ಟ್ರೇ" ಎಂದರು ಮುತ್ತುರಾಜರು ನೆಲ ನೋಡುತ್ತಾ.

ಸಿಬಿರು ತೆಗೆಯುವಾಗ ಪೂರ್ತಿ ಕಥೆ ಹೊರಗೆ ಬಂತು. ನಡುನಡುವೆ "ಅಯ್ಯಪ್ಪಾ" ಎಂಬ ಉದ್ಗಾರಗಳೂ ಬಂದವು. ಟಿ.ಟಿ. ಇಂಜೆಕ್ಷನ್ ಚುಚ್ಚಿ, ಬೊಬ್ಬೆಗಳಿಗೆ ಮುಲಾಮು ಹಚ್ಚಿ, ಡಾಕ್ಟರು ನಗು ತಡೆದುಕೊಂಡು ಕೇಳಿದರು. "ಇಷ್ಟೆಲ್ಲ ಪರೀಕ್ಷೆ ಮಾಡಿದೀರಲ್ಲ, ಹೇಳಿ. ನಮ್ಮನೆ ಬಾಲ್ಕನಿಗೂ ಹಾಕಿಸ್ಬೇಕು ಅಂತಿದೀವಿ. ಯಾವುದು ತಗೊಳ್ಲಿ?"

ನಾಲ್ಕು ತಿಂಗಳಿಂದ ಕಾದಿದ್ದ ಅವಕಾಶ! ನಿಷ್ಪಕ್ಷಪಾತಿ ಮೂರನೆಯವರು, ವಿದ್ಯಾವಂತರು, ಕೇಳುತ್ತಿದ್ದಾರೆ! ಇಬ್ಬರೂ ಒಟ್ಟಿಗೆ ಬಾಯಿ ತೆರೆದರು.

"ಮರ ಮಾತ್ರ ಬೇಡ ಡಾಕ್ಟ್ರೇ, ಚುಚ್ಚುತ್ತೆ."

"ಕಾಂಪೋಸಿಟ್ ಮಾತ್ರ ಬೇಡ ಮೇಡಂ, ಸುಡುತ್ತೆ."

ಮರ ಬೇಡ ಎಂದಿದ್ದು ಮುತ್ತುರಾಜರು. ಕಾಂಪೋಸಿಟ್ ಬೇಡ ಎಂದಿದ್ದು ಯಮುನಾ. ಹೇಳಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಪರರ ಬಾಲ್ಕನಿಗೆ ಸುಳ್ಳು ಹೇಳುವಷ್ಟು ಕೆಟ್ಟವರು ಇಬ್ಬರೂ ಆಗಿರಲಿಲ್ಲ.

ವಾಪಸ್ಸು ಒಂದೇ ಆಟೋದಲ್ಲಿ ಹೊರಟರು. ಮನಸ್ಸು ಮೆತ್ತಗಾಗಿತ್ತು.

"ತುಂಬ ಸುಡ್ತಾ?" ಎಂದರು ಮುತ್ತುರಾಜರು.

"ಮೂರನೇ ನಿಮಿಷಕ್ಕೇ ಇಳೀಬೇಕಿತ್ತು. ನಿಮಗೆ?"

"ಪ್ರಾಣ ಹೋಯ್ತು." ಊದಿದ ಕಾಲನ್ನು ಚಾಚಿಕೊಂಡು, "ಹೋಗ್ಲಿ ಬಿಡು, ನಿನ್ನ ಕಾಂಪೋಸಿಟ್ಟೇ ಹಾಕ್ಸೋಣ" ಎಂದರು.

"ಬೇಡ ರೀ, ನಿಮ್ಮ ಮರಾನೇ ಹಾಕ್ಸಿ. ನಿಮ್ಮ ತಾತನ ನೆನಪು."

"ತಾತ ಏನು ಡೆಕ್ಕಿನ ಮೇಲೆ ಓಡಾಡ್ತಾರಾ? ಕಾಂಪೋಸಿಟ್ಟು ಅಂದ್ನಲ್ಲ."

"ಮರ ಅಂತ ನಾನೇ ಒಪ್ಕೊಂಡ್ರೂ ಬೇಡ ಅಂತೀರಲ್ಲ!"

"ಒಪ್ಕೊಂಡಿದ್ದು ನಾನು ಮೊದ್ಲು!"

ದೇವಯ್ಯ ಪಾರ್ಕಿನ ಸಿಗ್ನಲ್ ಬರುವ ಹೊತ್ತಿಗೆ ಮುತ್ತುರಾಜರು ಕಾಂಪೋಸಿಟ್ಟಿನ ಪರವಾಗಿ ಗಂಟಲು ಹರಿದುಕೊಳ್ಳುತ್ತಿದ್ದರು, ಯಮುನಾ ಮರದ ಪರವಾಗಿ. ಆಟೋದವನು ಕನ್ನಡಿಯಲ್ಲಿ ನೋಡಿ, "ಸಾರ್, ಹತ್ತಿದಾಗ ಸಮಾಧಾನವಾಗೇ ಇದ್ರಿ ಇಬ್ರೂ" ಎಂದ.

ಮನೆ ತಲುಪಿದಾಗ ಹನ್ನೊಂದೂ ಮುಕ್ಕಾಲು. ಬೀದಿ ಬಾಗಿಲು ಬರೀ ಮುಂದಕ್ಕೆ ಎಳೆದಿತ್ತು. ಹಾಲಿನಲ್ಲಿ ಟಿ.ವಿ. ತನ್ನಷ್ಟಕ್ಕೆ ತಾನು ಮಾತಾಡುತ್ತಿತ್ತು. ಎದುರಿನ ಕುರ್ಚಿ ಖಾಲಿ.

"ಅವ್ವಾ!"

ಅಡುಗೆಮನೆಯಲ್ಲಿಲ್ಲ. ಬಚ್ಚಲಲ್ಲಿಲ್ಲ. ರೂಮಿನಲ್ಲಿಲ್ಲ. ಯಮುನಾ ಬೀದಿಗೆ ಹೋಗಿ ನೋಡಿ ಬಂದರು. ಡಾಕ್ಟರು ಹೇಳಿದ "ಸೊಂಟ" ಎಂಬ ಒಂದೇ ಪದ ಮುತ್ತುರಾಜರ ಕಿವಿಯಲ್ಲಿ ಸುತ್ತುತ್ತಿತ್ತು. ನಾಲ್ಕು ತಿಂಗಳು! ನಾಲ್ಕು ತಿಂಗಳು ಹಾಳೆ ತುಂಬಿಸಿದ್ದಾಯಿತು, ಒಂದು ಹಲಗೆ ಹಾಸಲಿಲ್ಲ. ಅವರು ಮೆಟ್ಟಿಲ ಕಡೆ ತಿರುಗಿದರು. ಒಬ್ಬರು ಒಂಟಿಗಾಲಲ್ಲಿ, ಒಬ್ಬರು ಹಿಮ್ಮಡಿಯಲ್ಲಿ, ಕಂಬಿ ಹಿಡಿದುಕೊಂಡು, ಒಬ್ಬರನ್ನೊಬ್ಬರು ಎಳೆದುಕೊಂಡು ಮೇಲಕ್ಕೆ ಏರಿದರು.

ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಹನುಮಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾಲಿಗೆ ಹಳೇ ಸಾಕ್ಸು, ಅದರ ಮೇಲೆ ರಬ್ಬರ್ ಚಪ್ಪಲಿ. ಪಕ್ಕದಲ್ಲಿ ನರಸಮ್ಮ ನೆಲದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಎದುರಿಗೆ ಮೆಟ್ರೋ ಹೋಗುತ್ತಿತ್ತು.

"ಬಂದ್ರಾ? ಇವತ್ತು ಬೇಗ ಬಿಟ್ರಾ ಆಫೀಸು?" ಎಂದರು ಹನುಮಕ್ಕ.

ಮುತ್ತುರಾಜರಿಗೆ ಏದುಸಿರು. "ಅವ್ವಾ... ನೀನು... ಯಾವಾಗ್ನಿಂದ..."

"ಕೈ ಪ್ಲಾಸ್ಟರ್ ಬಿಚ್ಚಿದ ದಿನದಿಂದ. ನೀವಿಬ್ರೂ ಹೋದ ಮೇಲೆ ನರಸಮ್ಮ ಬರ್ತಾಳೆ. ಅವಳ ಕೈ ಹಿಡ್ಕೊಂಡು ಹತ್ತೀನಿ, ಅವಳ ಕೈ ಹಿಡ್ಕೊಂಡು ಇಳೀತೀನಿ. ನಾಲ್ಕು ಗಂಟೆಗೆ ಟಿ.ವಿ. ಮುಂದೆ ಕೂತಿರ್ತೀನಿ."

"ಪಾಚಿ?"

ನರಸಮ್ಮ ತಲೆ ಎತ್ತದೆ ಹೇಳಿದರು. "ಬ್ಲೀಚಿಂಗ್ ಪೌಡ್ರು ಹಾಕಿ ತೆಂಗಿನ ಪೊರಕೇಲಿ ಉಜ್ಜಿದೆ ಕಣಪ್ಪ, ಡಿಸೆಂಬರ್‌ನಲ್ಲೇ. ಅರ್ಧ ಗಂಟೆ ಕೆಲ್ಸ."

ಯಮುನಾ ಬಾಗಿಲ ಚೌಕಟ್ಟಿಗೆ ಒರಗಿ ಕೂತುಬಿಟ್ಟರು. ಮುತ್ತುರಾಜರು, "ಹೇಳ್ಬಾರ್ದಿತ್ತೇನವ್ವ?" ಎಂದರು.

"ಹೇಳೋಣ ಅಂತಾನೇ ಬರ್ತಿದ್ದೆ. ನೀವು ಮರ, ಪ್ಲಾಸ್ಟಿಕ್ಕು ಅಂತ ಕೂಗಾಡ್ತಿದ್ರಿ. ನಡುವೆ ಮಾತಾಡೋಕೆ ಜಾಗ ಎಲ್ಲಿತ್ತು?" ಎಂದು ಹನುಮಕ್ಕ ಕರಿಬೇವಿನ ಗಿಡದ ಕಡೆ ನೋಡಿದರು. ಆಮೇಲೆ ದನಿ ಸ್ವಲ್ಪ ಇಳಿಸಿ ಹೇಳಿದರು. "ಈಗೇನೋ ಒಣಗಿದೆ. ಮಳೆ ಹಿಡೀತು ಅಂದ್ರೆ ನಂಗೂ ಭಯಾನೇ ಕಣೋ. ನರಸಮ್ಮಂಗೂ ವಯಸ್ಸಾಯ್ತು, ಇಬ್ರೂ ಸೇರಿ ಬಿದ್ರೆ ಎತ್ತೋರು ಯಾರು? ಹಾಕ್ಸು ನಿನ್ನ ಡೆಕ್ಕು, ಬೇಡ ಅನ್ನಲ್ಲ. ಒಂದು ಮಾತು ಹೇಳು. ಅದರ ಕೆಳಗೆ ಯಾರು ಗುಡಿಸ್ತಾರೆ?"

"ಕೆಳಗೆ?"

"ಹಲಗೆ ಸಂದೀಲಿ ನೀರು ಇಳಿಯುತ್ತೆ ಅಂತೀಯ. ಎಲೆ ಇಳಿಯಲ್ವಾ? ಧೂಳು ಇಳಿಯಲ್ವಾ? ನೀರು ಹೋಗೋ ತೂತು ಕಟ್ಕೊಂಡ್ರೆ ಸೊಳ್ಳೆ ಆಗಲ್ವಾ? ಇಲಿ ಸೇರ್ಕೊಂಡ್ರೆ ಹೆಂಗೆ ಓಡಿಸ್ತೀಯ?"

ಮುತ್ತುರಾಜರು ಹೆಂಡತಿಯನ್ನು ನೋಡಿದರು. ಯಮುನಾ ಗಂಡನನ್ನು ನೋಡಿದರು. ನಲವತ್ತಮೂರು ಹಾಳೆಯ ಕಡತದಲ್ಲಿ, ಇಪ್ಪತ್ತೇಳು ಪ್ರಶ್ನೆಗಳಲ್ಲಿ, ಕಪ್ಪು ಶಾಯಿಯಲ್ಲಾಗಲಿ ಕೆಂಪು ಶಾಯಿಯಲ್ಲಾಗಲಿ, "ಕೆಳಗೆ" ಎಂಬ ಪದ ಒಂದೇ ಒಂದು ಕಡೆ ಇತ್ತು. "ಕೆಳಗೆ ಸಹಿ ಮಾಡಿರುವ ನಾನು."

ಅಲ್ಲಿಂದಲೇ ಮರಿಯಣ್ಣನಿಗೆ ಫೋನು ಹೋಯಿತು.

"ಮರಿಯಣ್ಣ, ಡೆಕ್ಕಿನ ಕೆಳಗೆ ಕಸ ಸೇರುತ್ತಾ?"

"ಸೇರ್ದೆ ಏನ್ ಸಾರ್? ಸೇರುತ್ತೆ."

"ಮತ್ತೆ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಬರೀ ಮೇಲಿನದನ್ನೇ ಕೇಳಿದ್ರಿ ಸಾರ್!"

ಮರಿಯಣ್ಣ ಮರುದಿನ ಬಂದ. ಈ ಸಲ ಮುತ್ತುರಾಜರೂ ಯಮುನಾರೂ ಬಾಯಿ ಮುಚ್ಚಿಕೊಂಡು ದೂರ ನಿಂತರು. ಹನುಮಕ್ಕನೇ ಮಾತಾಡಿದರು. ಇಡೀ ಟೆರೇಸಿಗೆ ಡೆಕ್ಕು ಬೇಡ, ಮೆಟ್ಟಿಲ ಬಾಗಿಲಿನಿಂದ ಟ್ಯಾಂಕಿನ ನೆರಳಿಗೆ, ಅಲ್ಲಿಂದ ನರಸಮ್ಮನ ಗೋಡೆಗೆ, ಮೂರಡಿ ಅಗಲದ ದಾರಿ ಸಾಕು. ಟೆರೇಸಿಗೆ ಒಂದು ಮೊಳೆಯೂ ಹೊಡೆಯಬಾರದು, ಹೊಡೆದರೆ ಕೆಳಗಿನ ಮನೆ ಸೋರುತ್ತದೆ. ಹಲಗೆಗಳನ್ನು ಮಣೆಯ ಹಾಗೆ ತುಂಡುತುಂಡಾಗಿ ಮಾಡಿ ರಬ್ಬರ್ ಕಾಲಿನ ಮೇಲೆ ಕೂರಿಸಬೇಕು, ಬೇಕೆಂದಾಗ ಒಂದೊಂದನ್ನೇ ಎತ್ತಿ ಗುಡಿಸುವಂತಿರಬೇಕು. ಮರಿಯಣ್ಣ ಕಿವಿಯ ಪೆನ್ಸಿಲು ತೆಗೆದ. ಈ ಸಲ ಬರೆದ.

"ಮರಾನಾ, ಕಾಂಪೋಸಿಟ್ಟಾ?" ಎಂದು ಕೊನೆಗೆ ಅವನೇ ಭಯಭಯವಾಗಿ ಕೇಳಿದ. ಉತ್ತರಕ್ಕೆ ಕಾಯದೆ ತಾನೇ ದಾರಿಯನ್ನೂ ಹುಡುಕಿದ. ಬಾಗಿಲಿನಿಂದ ಟ್ಯಾಂಕಿನವರೆಗೆ ಮೇಲೆ ಹೊದಿಸಿದ ತಗಡಿನ ಶೀಟಿನ ನೆರಳಿದೆ, ಮಳೆಯ ಎರಚಲು ಮಾತ್ರ ಬೀಳುತ್ತದೆ. ಅಲ್ಲಿಗೆ ಕಾಂಪೋಸಿಟ್ಟು, ನೆರಳಲ್ಲಿ ಕಾಯುವುದಿಲ್ಲ. ಟ್ಯಾಂಕಿನಿಂದ ಗೋಡೆಯವರೆಗೆ ಸುಡುವ ಬಿಸಿಲು. ಅಲ್ಲಿಗೆ ಟ್ರೀಟ್ ಮಾಡಿದ ಮರ, ಚೆನ್ನಾಗಿ ಉಜ್ಜಿ ಎಣ್ಣೆ ಹಚ್ಚಿದ್ದು. ಎರಡಕ್ಕೂ ಒಂದೇ ಬಣ್ಣ ಬರುವ ಹಾಗೆ ನೋಡಿಕೊಳ್ಳುತ್ತೇನೆ ಎಂದ. ವರ್ಷಕ್ಕೊಮ್ಮೆ ಎಣ್ಣೆ ಹಚ್ಚುವ ಜವಾಬ್ದಾರಿ ತಮ್ಮದೇ ಎಂದು ಮುತ್ತುರಾಜರು ಕಡತದ ಕೊನೆಯ ಹಾಳೆಯಲ್ಲಿ ಮುಚ್ಚಳಿಕೆ ಬರೆದುಕೊಟ್ಟರು. ಯಮುನಾ ಅದಕ್ಕೆ ಹತ್ತಕ್ಕೆ ಎಂಟು ಹಾಕಿದರು.

"ಒಂದು ವಾರದ ಕೆಲಸ" ಎಂದ ಮರಿಯಣ್ಣನಿಗೆ ಏಳು ವಾರ ಹಿಡಿಯಿತು. ಬುದ್ಧ ಪೂರ್ಣಿಮೆಯ ದಿನ ಮಧ್ಯಾಹ್ನ ಕೊನೆಯ ಮಣೆ ಕೂತಿತು. ಎರಡು ದಿನ ಮೊದಲು ಮಳೆ ಬಂದು ಟೆರೇಸಿನ ಮೂಲೆಗಳು ಆಗಲೇ ಹಸಿರಾಗತೊಡಗಿದ್ದವು. ಸಂಜೆ ಯಮುನಾ ಪಾಯಸ ಮಾಡಿದರು. ನರಸಮ್ಮ ತಮ್ಮ ಗೋಡೆಯ ಬಳಿ ಬಂದು ನಿಂತರು. ಮರಿಯಣ್ಣ ಹೊಸ ಅಂಗಿ ಹಾಕಿಕೊಂಡು ಬಂದಿದ್ದ.

ಹನುಮಕ್ಕ ಸಾಕ್ಸು, ಚಪ್ಪಲಿ ಹಾಕಿಕೊಂಡು, ಯಾರ ಕೈಯನ್ನೂ ಹಿಡಿಯದೆ ಬಾಗಿಲು ದಾಟಿದರು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಅವ್ವ ಕಾಂಪೋಸಿಟ್ ಮುಗಿಸಿ ಮರದ ಮೇಲೆ ಕಾಲಿಟ್ಟಾಗ ಯಮುನಾ ಮುಂದಕ್ಕೆ ಬಾಗಿ ನೋಡಿದರು. ಹನುಮಕ್ಕ ನಿಲ್ಲಲಿಲ್ಲ. ಒಂದೇ ನಡಿಗೆಯಲ್ಲಿ ಗೋಡೆಯವರೆಗೆ ಹೋಗಿ, ನರಸಮ್ಮನ ಕೈಯಿಂದ ಮಲ್ಲಿಗೆ ಹೂವು ಇಸಿದುಕೊಂಡು ಮುಡಿದುಕೊಂಡರು.

"ಹೇಗಿದೆಯವ್ವ?"

"ಚೆನ್ನಾಗಿದೆ ಕಣೋ. ಜಾರಲ್ಲ."

"ಅದಲ್ಲವ್ವ. ಮೊದಲ ಅರ್ಧ ಚೆನ್ನಾಗಿತ್ತಾ, ಈಗ ನಿಂತಿರೋ ಅರ್ಧ ಚೆನ್ನಾಗಿದೆಯಾ?" ಎಂದರು ಮುತ್ತುರಾಜರು.

"ಸುಮ್ನೆ ನಿಜ ಹೇಳಿ ಅತ್ತೆ, ಬೇಜಾರು ಮಾಡ್ಕೊಳ್ಳಲ್ಲ" ಎಂದರು ಯಮುನಾ.

ಹನುಮಕ್ಕ ಹಿಂದೆ ತಿರುಗಿ, ಕಣ್ಣಿಗೆ ಕೈ ಅಡ್ಡ ಹಿಡಿದು, ತಾವು ನಡೆದು ಬಂದ ದಾರಿಯನ್ನು ಬಾಗಿಲಿನಿಂದ ಕಾಲ ಕೆಳಗಿನವರೆಗೆ ಒಂದು ಸಲ ನೋಡಿದರು. ಮತ್ತೊಂದು ಸಲ ನೋಡಿದರು.

"ಯಾಕೆ," ಎಂದರು, "ಎರಡೂ ಬೇರೆ ಬೇರೇನಾ?"